ಗುಡಿಸಿ ಗುಂಡಾಂತರ

ನೀರು ಸರಬರಾಜು ಕಚೇರಿಯ ಆ ಹಿರಿಯ ಗುಮಾಸ್ತರಿಗೆ ತಂದೆತಾಯಿ ಇಟ್ಟ ಹೆಸರು ಒಂದಿತ್ತು. ಆದರೆ ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಅದು ಬಳಕೆಯಲ್ಲಿರಲಿಲ್ಲ. ಕಚೇರಿಗೂ ಬೀದಿಗೂ ಅವರು ಸುತ್ತೋಲೆ ಸಾಹೇಬರು. ಬಾಯಲ್ಲಿ ಹೇಳಿ ಮುಗಿಸಬಹುದಾದ ಯಾವ ಮಾತನ್ನೂ ಅವರು ಬಾಯಲ್ಲಿ ಹೇಳಿದವರಲ್ಲ. ಬಚ್ಚಲುಮನೆಯ ದೀಪ ಆರಿಸಬೇಕೆನ್ನುವುದಕ್ಕೂ ಫ್ರಿಜ್ಜಿನ ಬಾಗಿಲ ಮೇಲೊಂದು ಸುತ್ತೋಲೆ ಅಂಟುತ್ತಿತ್ತು. ಅದಕ್ಕೊಂದು ಸಂಖ್ಯೆ, ಸಹಿ, ಸಹಿಯ ಕೆಳಗೆ ತಾರೀಕು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವರ ಹೆಂಡತಿ ಆ ಹಾಳೆಗಳ ಬೆನ್ನಿಗೆ ತರಕಾರಿ ಪಟ್ಟಿ ಬರೆದು ಅವುಗಳಿಗೆ ಮೋಕ್ಷ ಕಾಣಿಸುತ್ತಿದ್ದರು.

ಹೀಗಿರುವಾಗ ಬಡಾವಣೆಯ ಸಂಘದವರು 'ಮಾದರಿ ಮನೆ' ಎಂಬ ಸ್ಪರ್ಧೆ ಇಟ್ಟರು. ಯಾರ ಮನೆ ಅಚ್ಚುಕಟ್ಟಾಗಿದೆಯೋ ಅವರ ಗೇಟಿಗೆ ಹಿತ್ತಾಳೆಯ ಫಲಕ. ತೀರ್ಪುಗಾರರು ಬೇರೆ ಯಾರೂ ಅಲ್ಲ, ಎರಡು ಬೀದಿ ಆಚೆ ವಾಸವಿದ್ದ, ಸಾಹೇಬರ ಸ್ವಂತ ಮೇಲಧಿಕಾರಿ. ಆ ಸುದ್ದಿ ಕಿವಿಗೆ ಬಿದ್ದ ಕ್ಷಣದಿಂದ ಸಾಹೇಬರ ನಡಿಗೆಯೇ ಬದಲಾಯಿತು. ಹಿತ್ತಾಳೆ ಫಲಕ ಆಗಲೇ ಎದೆಯ ಮೇಲಿದೆಯೇನೋ ಎಂಬಂತೆ ಎದೆ ಮುಂದೆ, ಹೊಟ್ಟೆ ಒಳಗೆ. ಹೊಟ್ಟೆ ಮಾತ್ರ ಈ ಏರ್ಪಾಟಿಗೆ ಒಪ್ಪದೆ ಆಗಾಗ ಹೊರಗೆ ಬಂದು ನೋಡುತ್ತಿತ್ತು.

ಭಾನುವಾರ ತಪಾಸಣೆ. ಶನಿವಾರ ಮಧ್ಯಾಹ್ನ ಸಾಹೇಬರು ಕೈ ಬೆನ್ನಿಗೆ ಕಟ್ಟಿಕೊಂಡು ತಮ್ಮ ಮನೆಯನ್ನು ತಾವೇ ಪರಿಶೀಲಿಸಿದರು. ಹಜಾರ ಸರಿ. ಅಡುಗೆಮನೆ ಪರವಾಗಿಲ್ಲ. ಹಿಂದಿನ ಕೋಣೆಗೆ ಬಂದಾಗ ಅವರ ಹುಬ್ಬು ಗಂಟಾಯಿತು. ಅದು ಹದಿನಾರು ವರ್ಷದ ಮಗಳ ಕೋಣೆ. ಅಲ್ಲಿ ಕಿಟಕಿಯ ಕೆಳಗೆ ಒಂದು ರೇಡಿಯೋ, ಒಂದು ಇಸ್ತ್ರಿ ಪೆಟ್ಟಿಗೆ, ಗೋಡೆ ಬಿಟ್ಟು ನೆಲಕ್ಕಿಳಿದ ಒಂದು ಗೋಡೆ ಗಡಿಯಾರ, ರೆಕ್ಕೆ ಕಳಚಿದ ಎರಡು ಫ್ಯಾನು, ಜೊತೆಗೆ ಒಂದು ಟೂಲ್ ಬಾಕ್ಸ್, ವೈರು, ಸ್ಕ್ರೂ ತುಂಬಿದ ಡಬ್ಬಿಗಳು.

"ಅಪ್ಪಾ, ಆ ಮೂಲೇಲಿರೋದನ್ನ ಮುಟ್ಟಬೇಡಿ. ಅವು ಬೇರೆಯವರದು," ಎಂದು ಮಗಳು ಆ ವಾರ ಮೂರು ಸಲ ಹೇಳಿದ್ದಳು. ಮೂರು ಸಲವೂ ಸಾಹೇಬರು ಚಪ್ಪಲಿ ಎಲ್ಲಿ ಬಿಡಬೇಕೆಂಬ ಹದಿನಾಲ್ಕನೇ ಸುತ್ತೋಲೆಯ ಕರಡಿನಲ್ಲಿ ಮುಳುಗಿದ್ದರು. ಮೂರು ಸಲವೂ "ಹ್ಞೂಂ" ಎಂದಿದ್ದರು. ಸಾಹೇಬರ ಹ್ಞೂಂಕಾರಕ್ಕೂ ಅವರ ಕಿವಿಗೂ ಯಾವ ಸಂಬಂಧವೂ ಇರಲಿಲ್ಲ ಎಂಬುದನ್ನು ಓದುಗರು ಗಮನದಲ್ಲಿ ಇಟ್ಟುಕೊಳ್ಳಬೇಕು.

ಮಗಳು ವಿಶೇಷ ತರಗತಿಗೆ ಹೋಗಿದ್ದಳು, ಹೆಂಡತಿ ಡ್ಯೂಟಿಗೆ. ಸಾಹೇಬರು ದೊಡ್ಡ ರಸ್ತೆಯ ಗುಜರಿಯವನಿಗೆ ಹೇಳಿ ಕಳಿಸಿದರು. ಅವನು ಗಾಡಿ ತಳ್ಳಿಕೊಂಡು ಬಂದ. ಸಾಮಾನು ನೋಡಿದ. ತಲೆ ಕೆರೆದುಕೊಂಡ.

"ಸಾಹೇಬ್ರೆ, ಇವೆಲ್ಲ ನಿಮ್ಮದೇ ತಾನೆ? ಆಮೇಲೆ ಯಾರಾದ್ರೂ ಬಂದು ನನ್ನ ಕತ್ತು ಹಿಡೀಬಾರದು."

"ಈ ಮನೆ ನನ್ನದು. ಮಗಳು ನನ್ನವಳು. ಅವಳ ಸಾಮಾನು ಇನ್ನು ಯಾರದಾಗುತ್ತಯ್ಯಾ?" ಎಂದರು ಸಾಹೇಬರು. ಅಷ್ಟಕ್ಕೆ ಬಿಟ್ಟಿದ್ದರೆ ಬಚಾವಾಗುತ್ತಿದ್ದರೋ ಏನೋ. ಆದರೆ ಬರೀ ಮಾತು ಸಾಹೇಬರ ಜಾಯಮಾನವಲ್ಲ. ಅವನು ಕೇಳದೆ ಇದ್ದರೂ ಒಂದು ಹಾಳೆ ತೆಗೆದು ದುಂಡಗೆ ಬರೆದು ಸಹಿ ಹಾಕಿಯೇ ಕೊಟ್ಟರು. ಗುಜರಿಯವನು ಬದಲಿಗೆ ಗಾಡಿಯಲ್ಲಿದ್ದ ನಾಲ್ಕು ಅಂತಸ್ತಿನ ಚಪ್ಪಲಿ ಸ್ಟ್ಯಾಂಡೊಂದನ್ನು ಇಳಿಸಿಕೊಟ್ಟು ಹೋದ. ಸಾಹೇಬರು ಅದನ್ನು ಬಾಗಿಲ ಪಕ್ಕ ನಿಲ್ಲಿಸಿ, ದೂರ ನಿಂತು, ತಲೆ ಓರೆ ಮಾಡಿ ನೋಡಿದರು. ಸ್ಟ್ಯಾಂಡೂ ಸ್ವಲ್ಪ ಓರೆಯಾಗಿಯೇ ನಿಂತಿತ್ತು.

ಸಂಜೆ ಮಗಳು ಬಂದಳು. ಕೋಣೆಗೆ ಹೋದಳು. ಹೊರಗೆ ಬಂದಳು.

"ಅಪ್ಪಾ, ಸಾಮಾನೆಲ್ಲ ಎಲ್ಲಿ?"

"ವಿಲೇವಾರಿ ಆಯ್ತು. ಕೋಣೆ ಎಷ್ಟು ವಿಶಾಲವಾಗಿದೆ ನೋಡು!"

ಮಗಳು ಬ್ಯಾಗನ್ನು ಹೆಗಲಿಂದ ಇಳಿಸಲೇ ಇಲ್ಲ. ನಿಂತಲ್ಲಿಂದಲೇ ಓಡಿದಳು. ಗುಜರಿ ಅಂಗಡಿಯ ಶಟರು ಎಳೆದಿತ್ತು. ಭಾನುವಾರ ಮಧ್ಯಾಹ್ನ ಲಾರಿ ಬರುವ ಹೊತ್ತಿಗೆ ತೆಗೆಯುತ್ತಾರೆ ಎಂದ ಪಕ್ಕದ ಪಂಕ್ಚರ್ ಅಂಗಡಿಯವನು. ಅವಳು ಏದುಸಿರು ಬಿಡುತ್ತ ವಾಪಸ್ ಬಂದಾಗ ಕಣ್ಣು ಕೆಂಪಾಗಿತ್ತು. ಆದರೆ ಅಳಲಿಲ್ಲ. ಅತ್ತರೆ ಅಪ್ಪ ಸಮಾಧಾನದ ಸುತ್ತೋಲೆ ಹೊರಡಿಸುತ್ತಾರೆ ಎಂಬುದು ಅವಳಿಗೆ ಅನುಭವದಿಂದ ಗೊತ್ತಿತ್ತು.

"ಅಪ್ಪಾ, ಅದರಲ್ಲಿ ನನ್ನದು ಅಂತ ಇದ್ದದ್ದು ಟೂಲ್ ಬಾಕ್ಸ್ ಒಂದೇ. ವಿಜ್ಞಾನ ಪ್ರದರ್ಶನದಲ್ಲಿ ಗೆದ್ದಿದ್ದು. ಉಳಿದದ್ದೆಲ್ಲ ಬೀದಿಯವರದು. ರಿಪೇರಿಗೆ ಕೊಟ್ಟಿದ್ರು. ಎಲ್ಲಾ ಸರಿ ಮಾಡಿ ಇಟ್ಟಿದ್ದೆ. ಭಾನುವಾರ ಬಂದು ತಗೊಂಡು ಹೋಗಿ ಅಂತ ಮಾತು ಕೊಟ್ಟಿದ್ದೆ."

"ರಿಪೇರಿಗೆ? ನಿನ್ನ ಹತ್ರ?" ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಕೇಳಿಸದಿದ್ದುದು ಕಿವಿಗೆ, ಒರೆಸಿದ್ದು ಕನ್ನಡಕ. "ನೀನು ಯಾವಾಗ ರಿಪೇರಿ ಕಲಿತೆ?"

"ಮೂರು ವರ್ಷ ಆಯ್ತು. ನಿಮಗೂ ಹೇಳಿದ್ದೆ. ಹ್ಞೂಂ ಅಂದಿದ್ರಿ."

ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದ ಹೆಂಡತಿ ಒಳಗಿನಿಂದ, "ನನ್ನ ಮಿಕ್ಸಿ ಎರಡು ಸಲ ಸತ್ತು ಎರಡು ಸಲ ಎದ್ದಿದ್ದು ಹೇಗೆ ಅಂದ್ಕೊಂಡಿದ್ರಿ? ನಿಮ್ಮ ಸುತ್ತೋಲೆಗೆ ಹೆದರಿ ಎದ್ದಿತು ಅಂತಾನಾ?" ಎಂದರು.

ಮಗಳು ಕೊನೆಯ ಮಾತು ಹೇಳಿದಳು. "ನಾಳೆ ಬೆಳಿಗ್ಗೆಯಿಂದ ಒಬ್ಬೊಬ್ಬರಾಗಿ ಬರ್ತಾರೆ. ಬಾಗಿಲು ನೀವೇ ತೆಗೀರಿ. ಏನು ಹೇಳಬೇಕೋ ನೀವೇ ಹೇಳಿ. ನಾನು ತುಟಿ ಬಿಚ್ಚಲ್ಲ."

ಬೆಳಿಗ್ಗೆ ಅವಳು ಬಾಗಿಲ ಬಳಿ ಒಂದು ಕುರ್ಚಿ ಹಾಕಿದಳು. ಸಾಹೇಬರು ತಪಾಸಣೆಗೆಂದು ಇಸ್ತ್ರಿ ಮಾಡಿದ ಪ್ಯಾಂಟು ತೊಟ್ಟು ಅದರಲ್ಲಿ ಕೂತರು. ಮಗಳು ಅವರ ಹಿಂದೆ ಗೋಡೆಗೊರಗಿ ಕೈಕಟ್ಟಿ ನಿಂತಳು.

ಮೊದಲು ಬಂದವರು ನಿವೃತ್ತ ಹೆಡ್‌ಮಾಸ್ಟರು. ಚಪ್ಪಲಿಯನ್ನು ಸ್ಟ್ಯಾಂಡಿನ ಮೇಲಿಟ್ಟರು. ಸ್ಟ್ಯಾಂಡು ಒಂದು ಕಡೆಗೆ ವಾಲಿ ಚಪ್ಪಲಿಯನ್ನು ಕೆಳಕ್ಕೆ ಉದುರಿಸಿತು.

"ರೇಡಿಯೋ ಕೊಡಮ್ಮ ಪುಟ್ಟಿ. ಹತ್ತು ದಿನದಿಂದ ಸುದ್ದಿ ಕೇಳಿಲ್ಲ. ಪ್ರಪಂಚ ಇದೆಯೋ ಹೋಯ್ತೋ ಗೊತ್ತಿಲ್ಲ."

ಪುಟ್ಟಿ ಅಪ್ಪನ ಕಡೆ ನೋಡಿದಳು. ಸಾಹೇಬರು ಗಂಟಲು ಸರಿಮಾಡಿಕೊಂಡರು. "ನಿಮ್ಮ ರೇಡಿಯೋ ಸದ್ಯ... ಪರಿಶೀಲನೆಯಲ್ಲಿದೆ."

"ಪರಿಶೀಲನೆಯಲ್ಲಾ? ಏನು ತಪ್ಪು ಮಾಡಿದೆ ಅದು?"

"ತಪ್ಪು ಅಂತಲ್ಲ ಮೇಷ್ಟ್ರೆ. ಸಂಬಂಧಪಟ್ಟವರ ಗಮನಕ್ಕೆ ತರಲಾಗಿದೆ."

ಹೆಡ್‌ಮಾಸ್ಟರು ನಲವತ್ತು ವರ್ಷ ಮಕ್ಕಳ ಸುಳ್ಳು ಕೇಳಿ ಪಳಗಿದವರು. ಜಗಲಿಯ ಮೇಲೆ ಕೂತುಬಿಟ್ಟರು. "ಆಗಲಿ. ಪರಿಶೀಲನೆ ಮುಗಿಯಲಿ. ನನಗೇನು ಅವಸರ ಇಲ್ಲ."

ಆಮೇಲೆ ಬಂದವಳು ಮೂಲೆಮನೆಯ ಟೈಲರ್ ಅಕ್ಕ. "ಅಣ್ಣಾ, ಇಸ್ತ್ರಿ ಪೆಟ್ಟಿಗೆ! ಹನ್ನೆರಡು ಬ್ಲೌಸು ಮುದುಡಿಕೊಂಡು ಬಿದ್ದಿವೆ. ಇವತ್ತು ಕೊಡಲೇಬೇಕು."

"ನಿಮ್ಮ ಇಸ್ತ್ರಿ ಪೆಟ್ಟಿಗೆ ಹೆಚ್ಚಿನ ತಪಾಸಣೆಗೆ ಕೇಂದ್ರ ಕಚೇರಿಗೆ ಹೋಗಿದೆಯಮ್ಮಾ."

"ಯಾವ ಕೇಂದ್ರ ಕಚೇರಿ? ಇಸ್ತ್ರಿ ಪೆಟ್ಟಿಗೆಗೂ ಕೇಂದ್ರ ಕಚೇರಿ ಇದೆಯಾ?"

"ಇದೆ ಕಣಮ್ಮ," ಎಂದರು ಜಗಲಿಯಿಂದ ಹೆಡ್‌ಮಾಸ್ಟರು. "ನನ್ನ ರೇಡಿಯೋನೂ ಅಲ್ಲೇ ಇರಬೇಕು. ಬಾ, ಕೂತ್ಕೋ."

ಟೈಲರ್ ಅಕ್ಕನೂ ಕೂತಳು. ಹಿಂದೆಯೇ ಫ್ಯಾನಿನ ಇಬ್ಬರು ಮಾಲೀಕರು ಬಂದು, ತಮ್ಮ ಫ್ಯಾನುಗಳು ಗಾಳಿ ಬದಲಾವಣೆಗೆ ಹೋಗಿವೆ ಎಂಬ ಉತ್ತರ ಪಡೆದು, ಅವರೂ ಕೂತರು. ಜಗಲಿ ರೈಲು ನಿಲ್ದಾಣದ ಬೆಂಚಿನಂತಾಯಿತು. ಹೆಂಡತಿ ಎಲ್ಲರಿಗೂ ಟೀ ಕೊಟ್ಟು, ಗಂಡನಿಗೂ ಒಂದು ಲೋಟ ಕೊಟ್ಟು, "ಕುಡೀರಿ. ಗೋಡೆ ಗಡಿಯಾರದವರು ಇನ್ನೂ ಬರಬೇಕು," ಎಂದರು.

"ಅದು ಯಾರದು?"

ಹೆಂಡತಿ ಗೇಟಿನ ಕಡೆ ಗಲ್ಲ ಎತ್ತಿ ತೋರಿಸಿದರು. ಗೇಟು ತೆಗೆದುಕೊಂಡು ಬರುತ್ತಿದ್ದವರು ಮೇಲಧಿಕಾರಿ.

ಸಾಹೇಬರು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಮೇಲಧಿಕಾರಿ ಹಜಾರ ನೋಡಿ ತಲೆದೂಗಿದರು. ಅಡುಗೆಮನೆ ನೋಡಿ "ಭೇಷ್" ಎಂದರು. ಹಿಂದಿನ ಕೋಣೆಗೆ ಬಂದು, ಗುಡಿಸಿ ಸಾರಿಸಿದಂತಿದ್ದ ಬೋಳು ಮೂಲೆಯನ್ನು ನೋಡಿ, "ಇಂಥ ಕೋಣೆಗೇ ಬಹುಮಾನ ಕೊಡಬೇಕು ಕಣ್ರೀ!" ಎಂದರು. ಸಾಹೇಬರ ಎದೆ ಅರ್ಧ ಅಂಗುಲ ಮುಂದಕ್ಕೆ ಬಂತು.

"ಅಂದಹಾಗೆ," ಎಂದರು ಮೇಲಧಿಕಾರಿ, ದನಿ ತಗ್ಗಿಸಿ, "ನಮ್ಮನೆಯವಳು ನಿಮ್ಮ ಮಗಳ ಹತ್ರ ಗಡಿಯಾರ ಕೊಟ್ಟಿದ್ದಳಂತೆ. ನಮ್ಮಪ್ಪನದು. ನಮ್ಮಮ್ಮ ಆ ಗಡಿಯಾರ ಹೊಡೆದ್ರೇ ಮಾತ್ರೆ ತಗೊಳ್ಳೋದು. ಒಂದು ವಾರದಿಂದ 'ಇನ್ನೂ ಹೊತ್ತಾಗಿಲ್ಲ' ಅಂತ ಹಟ ಹಿಡಿದು ಕೂತಿದ್ದಾಳೆ. ನಾನೇ ಬಾಯಲ್ಲಿ ಢಣ್ ಢಣ್ ಅಂದೆ. ನಂಬಲಿಲ್ಲ."

ಸಾಹೇಬರು ಬಾಯಿ ತೆರೆದರು. ಪರಿಶೀಲನೆ, ಕೇಂದ್ರ ಕಚೇರಿ, ಗಾಳಿ ಬದಲಾವಣೆ ಎಲ್ಲ ಆಗಲೇ ಖರ್ಚಾಗಿದ್ದವು. ಅವರ ಹಿಂದೆಯೇ ಬಂದು ಕೋಣೆಯ ಬಾಗಿಲಲ್ಲಿ ನಿಂತಿದ್ದ ಮಗಳು ಮುಂದೆ ಬಂದಳು.

"ಸರ್, ಗಡಿಯಾರ ಸರಿಯಾಗಿದೆ. ಆದ್ರೆ ಅಪ್ಪ ನಿನ್ನೆ ಗೊತ್ತಿಲ್ಲದೆ ಗುಜರಿಗೆ ಹಾಕಿದ್ದಾರೆ. ಅಂಗಡಿ ಈಗ ತೆಗೆಯೋ ಹೊತ್ತು. ನಿಮ್ಮ ಕಾರಲ್ಲಿ ಹೋದ್ರೆ ಲಾರಿ ಹೊರಡೋ ಮುಂಚೆ ಸಿಗಬಹುದು."

ಆ ಬೀದಿಯ ಇತಿಹಾಸದಲ್ಲಿ ಅಷ್ಟು ಜನ ಆ ಅಳತೆಯ ಕಾರಿನಲ್ಲಿ ಕೂತದ್ದು ಅದೇ ಮೊದಲು. ಫ್ಯಾನಿನವರಿಬ್ಬರು ಸ್ಕೂಟರಿನಲ್ಲಿ ಹಿಂಬಾಲಿಸಿದರು. ಸಾಹೇಬರು ಮಡಿಲಲ್ಲಿ ಚಪ್ಪಲಿ ಸ್ಟ್ಯಾಂಡು ಇಟ್ಟುಕೊಂಡಿದ್ದರು, ವಿನಿಮಯ ರದ್ದು ಮಾಡಿಸುವ ಉದ್ದೇಶದಿಂದ.

ಗುಜರಿ ಅಂಗಡಿಯ ಮುಂದೆ ಲಾರಿ ನಿಂತಿತ್ತು. ಕಬ್ಬಿಣದ ರಾಶಿ, ಕಾಗದದ ರಾಶಿ, ಬಾಯಿ ಕಟ್ಟಿದ ಗೋಣಿಚೀಲಗಳು. ಡ್ರೈವರು ಹಾರನ್ನಿನ ಮೇಲೆ ಅಂಗೈ ಊರಿ ಕೂತಿದ್ದ. ಗುಜರಿಯವನು ತೂಕದ ಮಷೀನಿನ ಮುಂದೆ ತಲೆ ಮೇಲೆ ಕೈ ಹೊತ್ತು ನಿಂತಿದ್ದ. ಮಷೀನು ಖಾಲಿ ಇದ್ದಾಗಲೂ ಎಂಟು ಎಂಟು ಎಂಟು ಎಂದು ತೋರಿಸುತ್ತಿತ್ತು, ಚೀಲ ಇಟ್ಟಾಗಲೂ ಎಂಟು ಎಂಟು ಎಂಟು.

ಸಾಹೇಬರು ಸ್ಟ್ಯಾಂಡು ಕೆಳಗಿಟ್ಟು ಕಚೇರಿಯ ದನಿ ತೆಗೆದರು. "ನೋಡಯ್ಯಾ, ನಿನ್ನೆಯ ವ್ಯವಹಾರವನ್ನ ಮರುಪರಿಶೀಲಿಸಿ..."

"ಗೇಟು ದಾಟಿದ ಮೇಲೆ ಸಾಮಾನು ನನ್ನದು ಸಾಹೇಬ್ರೆ," ಎಂದ ಗುಜರಿಯವನು. "ಈ ಸ್ಟ್ಯಾಂಡು ವಾಪಸ್ ನನಗ್ಯಾಕೆ? ಒಂದು ಕಾಲು ಗಿಡ್ಡ ಅಂತಲೇ ನಿಮಗೆ ಕೊಟ್ಟಿದ್ದು. ಕಾಗದ ಬೇರೆ ಬರೆದುಕೊಟ್ಟಿದ್ದೀರಿ." ಅವನು ಜೇಬಿನಿಂದ ಹಾಳೆ ತೆಗೆದು ಮೇಲಧಿಕಾರಿಯ ಕೈಗೇ ಕೊಟ್ಟ.

ಮೇಲಧಿಕಾರಿ ಗಟ್ಟಿಯಾಗಿ ಓದಿದರು. "'ನನ್ನ ಮನೆಯೊಳಗಿರುವ ಸಮಸ್ತ ವಸ್ತುಗಳೂ ನನ್ನ ಸ್ವಂತದ್ದಾಗಿದ್ದು, ಅವುಗಳ ಮೇಲೆ ಅನ್ಯರಿಗೆ ಯಾವ ಹಕ್ಕೂ ಇರುವುದಿಲ್ಲ.' ಓಹೋ! ಹಾಗಾದ್ರೆ ನಮ್ಮಪ್ಪನ ಗಡಿಯಾರ ನಿಮ್ಮ ಸ್ವಂತದ್ದು?"

"ನನ್ನ ರೇಡಿಯೋನೂ," ಎಂದರು ಹೆಡ್‌ಮಾಸ್ಟರು.

"ನನ್ನ ಇಸ್ತ್ರಿ ಪೆಟ್ಟಿಗೇನೂ ಅಣ್ಣಂದಂತೆ!" ಎಂದಳು ಟೈಲರ್ ಅಕ್ಕ.

ಸಾಹೇಬರು ನೆಲ ನೋಡಿದರು. ನೆಲ ಬಾಯಿ ಬಿಡುವ ಲಕ್ಷಣ ಕಾಣಲಿಲ್ಲ.

ಅಷ್ಟರಲ್ಲಿ ಮಗಳು ಮಷೀನಿನ ಸುತ್ತ ಒಂದು ಸುತ್ತು ಬಂದಿದ್ದಳು. "ಅಣ್ಣಾ, ಇದು ಯಾವಾಗಿಂದ ಹೀಗಾಗಿದೆ?"

"ನಿನ್ನೆಯಿಂದ. ಮೆಕ್ಯಾನಿಕ್ ಬಂದು ಹೊಸದೇ ತಗೋಬೇಕು ಅಂತ ಹೇಳಿ ಹೋದ. ತೂಕ ಇಲ್ಲದೆ ಲಾರಿಯವನು ಒಂದು ಚೀಲ ಏರಿಸಲ್ಲ. ಇವತ್ತು ಬಿಟ್ಟರೆ ಅವನು ಬರೋದು ಇನ್ನು ತಿಂಗಳಿಗೆ."

"ನಾನು ಸರಿ ಮಾಡ್ತೀನಿ. ನಮ್ಮ ಸಾಮಾನು ವಾಪಸ್ ಕೊಡ್ತೀರಾ?"

ಸಾಹೇಬರಿಗೆ ಜೀವ ಬಾಯಿಗೆ ಬಂತು. ಮಗಳ ತೋಳು ಹಿಡಿದು ಪಿಸುಗುಟ್ಟಿದರು. "ಪುಟ್ಟಿ, ಬೇಡ! ಇದು ಸರಿಹೋದ್ರೆ ಲಾರಿ ತುಂಬಿಕೊಂಡು ಹೊರಟೇ ಹೋಗುತ್ತೆ. ಕೆಟ್ಟಿರೋದೇ ನಮಗೆ ಒಳ್ಳೇದು."

"ಅಪ್ಪಾ, ಒಂದು ಐದು ನಿಮಿಷ ಏನೂ ಮಾಡದೆ ನಿಂತ್ಕೋತೀರಾ?"

ಇದಕ್ಕಿಂತ ಕಷ್ಟದ ಕೆಲಸವನ್ನು ಸಾಹೇಬರಿಗೆ ಯಾರೂ ಹೇಳಿರಲಿಲ್ಲ. ಆದರೂ ನಿಂತರು.

ಗುಜರಿಯವನು ನಕ್ಕ. "ಮೊದಲು ಮಾಡು ನೋಡೋಣ. ಕೊಡೋದು ಬಿಡೋದು ಆಮೇಲೆ ಮಾತಾಡೋಣ."

"ಸರಿ. ಹಾಗಾದ್ರೆ ನಾನೂ ಆಮೇಲೇ ಮಾಡ್ತೀನಿ," ಎಂದು ಮಗಳು ಹಳೇ ಟೈರೊಂದರ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಳು. ಲಾರಿಯ ಹಾರನ್ನು ಮೊಳಗಿತು. ಅವಳು ಉಗುರು ನೋಡಿಕೊಂಡಳು. ಹಾರನ್ನು ಇನ್ನೊಮ್ಮೆ ಮೊಳಗಿತು. ಡ್ರೈವರು ಇಂಜಿನ್ ಶುರು ಮಾಡಿದ.

"ಆಯ್ತಮ್ಮಾ, ಆಯ್ತು! ನಿಮ್ಮದೆಲ್ಲ ವಾಪಸ್! ಇಷ್ಟು ಜನರ ಮುಂದೆ ಹೇಳ್ತಿದೀನಿ. ಏಳು!" ಎಂದು ಕೂಗಿದ ಗುಜರಿಯವನು.

"ಮೊದಲು ನನ್ನ ಟೂಲ್ ಬಾಕ್ಸ್ ಕೊಡಿ."

ಚೀಲದಿಂದ ಟೂಲ್ ಬಾಕ್ಸ್ ಬಂತು. ಮಗಳು ಮಷೀನಿನ ತಟ್ಟೆ ಎತ್ತಿಸಿದಳು. ಅಡಿಯಲ್ಲಿ ಕತ್ತಲೆ, ಧೂಳು. "ಯಾರಾದ್ರೂ ಬೆಳಕು ಹಿಡೀರಿ," ಎಂದಳು. ಯಾರು ಮುಂದೆ ಬರುತ್ತಾರೆಂದು ಎಲ್ಲರೂ ಮುಖ ಮುಖ ನೋಡುತ್ತಿರುವಾಗಲೇ ಸಾಹೇಬರು ಇಸ್ತ್ರಿಯ ಪ್ಯಾಂಟಿನ ಮೊಣಕಾಲನ್ನು ಗ್ರೀಸಿನ ನೆಲಕ್ಕೆ ಊರಿ, ಮೊಬೈಲಿನ ದೀಪ ಹಚ್ಚಿ ಹಿಡಿದರು.

ಕೂದಲಿನಷ್ಟು ತೆಳ್ಳಗಿನ ನಾಲ್ಕು ವೈರು. ಅದರಲ್ಲೊಂದನ್ನು ಇಲಿ ಕಡಿದಿತ್ತು. ಮಗಳು ತುದಿ ಹೆರೆದಳು, ಕೂಡಿಸಿದಳು, ಅಂಗಡಿಯ ಪ್ಲಗ್ಗಿಗೆ ಸಿಕ್ಕಿಸಿ ಕಾಯಿಸಿದ ಕಡ್ಡಿಯಿಂದ ಬೆಸುಗೆ ಇಟ್ಟಳು, ಟೇಪು ಸುತ್ತಿದಳು. ಎಲ್ಲೂ ಆತುರವಿಲ್ಲ, ಎಲ್ಲೂ ತಡಕಾಟವಿಲ್ಲ. ಈ ಕೈಗೆ ಪೆನ್ಸಿಲ್ ಹಿಡಿಯಲು ಕಲಿಸಿದವನು ನಾನೇ ಅಲ್ಲವೇ ಎಂದುಕೊಂಡ ಸಾಹೇಬರಿಗೆ, ಆಮೇಲೆ ಆ ಕೈ ಏನೇನು ಕಲಿಯಿತೆಂದು ಒಮ್ಮೆಯೂ ನೋಡಲಿಲ್ಲವಲ್ಲ ಎಂದು ಹೊಳೆಯಿತು. ಅವರ ಕಣ್ಣು ಆ ಕೈಯ ಮೇಲೆ, ಬೆಳಕು ಮಾತ್ರ ವೈರು ಬಿಟ್ಟು ಪಕ್ಕಕ್ಕೆ ಸರಿಯಿತು.

"ಅಪ್ಪಾ, ಸರಿಯಾಗಿ ಹಿಡೀರಿ."

ಸರಿಯಾಗಿ ಹಿಡಿದರು.

ತಟ್ಟೆ ಮುಚ್ಚಿ ಮಷೀನು ಹಚ್ಚಿದರೆ ಸೊನ್ನೆ ಬಂತು. ಎಲ್ಲರೂ "ಆಹಾ" ಎಂದರು. ಗುಜರಿಯವನು ಮಾತ್ರ ಅನುಮಾನದ ಪ್ರಾಣಿ. "ಸೊನ್ನೆ ಯಾರು ಬೇಕಾದ್ರೂ ತೋರಿಸ್ತಾರೆ. ತೂಕ ಸರಿ ಇದೆ ಅಂತ ಹೇಗೆ ನಂಬೋದು?"

"ತೂಕ ಗೊತ್ತಿರೋದು ಏನಾದ್ರೂ ಇಡಬೇಕು," ಎಂದಳು ಮಗಳು.

ಸಾಹೇಬರಿಗೆ ಮಗಳಿಗೆ ನೆರವಾಗುವ ಹುಮ್ಮಸ್ಸು ಉಕ್ಕಿತು. "ನಾನಿದ್ದೀನಿ! ನನ್ನ ತೂಕ ಅರವತ್ತೆಂಟು. ಕಚೇರಿ ದಾಖಲೆಯಲ್ಲೂ ಇದೆ," ಎಂದು ಹೇಳಿ ತಟ್ಟೆಯ ಮೇಲೆ ಹತ್ತಿ ಸೆಟೆದು ನಿಂತರು.

ಮಷೀನು ಎಪ್ಪತ್ತೊಂಬತ್ತು ಎಂದಿತು.

ಗುಜರಿಯವನ ಮುಖ ಇಳಿಯಿತು. "ನೋಡಿದ್ರಾ! ಹನ್ನೊಂದು ಕೆಜಿ ಸುಳ್ಳು!" ಡ್ರೈವರು ಮತ್ತೆ ಇಂಜಿನ್ನಿಗೆ ಕೈ ಹಾಕಿದ. ಮಗಳ ಮುಖ ಬಿಳಿಚಿಕೊಂಡಿತು. ಸಾಹೇಬರು ಹೊಟ್ಟೆ ಒಳಗೆಳೆದುಕೊಂಡು ನೋಡಿದರು. ಮಷೀನು ಜಗ್ಗಲಿಲ್ಲ.

ಆಗ ಗುಂಪಿನ ಹಿಂದಿನಿಂದ ನರ್ಸಮ್ಮನ ದನಿ ಬಂತು. "ಮಷೀನು ಸರಿಯಾಗೇ ಇದೆ! ಕಳೆದ ತಿಂಗಳು ನಮ್ಮ ವಾರ್ಡಿನಲ್ಲಿ ನಾನೇ ಇವರನ್ನ ತೂಗಿದ್ದೀನಿ. ಎಪ್ಪತ್ತೊಂಬತ್ತು. ಅರವತ್ತೆಂಟು ಇದ್ದದ್ದು ನಮ್ಮ ಮದುವೆ ದಿನ."

ಸಾಹೇಬರ ಕಡೆ ಎಲ್ಲರ ಕಣ್ಣು ತಿರುಗಿತು. ಕಚೇರಿ ದಾಖಲೆ ಒಂದು ಕಡೆ, ಮಗಳ ಕೆಲಸ ಒಂದು ಕಡೆ. ಪಕ್ಕದಲ್ಲಿ ಮೇಲಧಿಕಾರಿ. ಸಾಹೇಬರು ಉಸಿರು ಬಿಟ್ಟರು. ಹೊಟ್ಟೆ ತನ್ನ ಸ್ಥಾನಕ್ಕೆ ಬಂತು.

"ಹೌದು," ಎಂದರು. "ಎಪ್ಪತ್ತೊಂಬತ್ತೇ. ಸುಳ್ಳು ಹೇಳ್ತಿದ್ದವನು ನಾನು. ನನ್ನ ಮಗಳ ಮಷೀನು ಅಲ್ಲ."

ಚಪ್ಪಾಳೆ ಶುರು ಮಾಡಿದವರು ಹೆಡ್‌ಮಾಸ್ಟರು. ಲಾರಿ ಡ್ರೈವರು ಹಾರನ್ನಿನಿಂದಲೇ ಚಪ್ಪಾಳೆ ತಟ್ಟಿದ. ಗುಜರಿಯವನು ಎರಡು ಚೀಲ ಎಳೆದು ತಂದು ಸಾಹೇಬರ ಮುಂದಿಟ್ಟ. "ತಗೊಳ್ಳಿ ಸಾಹೇಬ್ರೆ, ನಿಮ್ಮ ಸಾಮಾನು."

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದರು. ಮೇಲಧಿಕಾರಿಯ ಕೈಯಲ್ಲಿದ್ದ ಹಾಳೆ ಇಸಿದುಕೊಂಡು ನಾಲ್ಕು ಚೂರು ಮಾಡಿದರು. "ನನ್ನ ಕೈಗೆ ಕೊಡಬೇಡ. ಅದು ನನ್ನದಲ್ಲ. ನಿನ್ನೆಯೂ ನನ್ನದಾಗಿರಲಿಲ್ಲ." ಮಗಳ ಕಡೆ ತಿರುಗಿದರು. "ಪುಟ್ಟಿ, ತಪ್ಪಾಯ್ತು. ಇನ್ನು ನಿನ್ನ ಕೋಣೆಯ ಒಂದು ಸ್ಕ್ರೂ ಕೂಡ ನಿನ್ನ ಕೇಳದೆ ಮುಟ್ಟಲ್ಲ."

ಮಗಳು ಟೂಲ್ ಬಾಕ್ಸ್ ಮುಚ್ಚಿದಳು. "ಕೋಣೆಗೆ ಬೀಗ ಹಾಕಿಸಿಕೊಡ್ತೀರಾ?"

"ಕೊಡ್ತೀನಿ."

"ಕೀಲಿ ಒಂದೇ ಇರಬೇಕು. ನನ್ನ ಹತ್ರ."

ಸಾಹೇಬರು ಹೆಂಡತಿಯ ಮುಖ ನೋಡಿದರು. ಅಲ್ಲಿ ಸಹಾಯ ಸಿಗಲಿಲ್ಲ. "ಒಂದೇ," ಎಂದರು.

ಕಾರಿನಲ್ಲಿ ಜನಕ್ಕೇ ಜಾಗ ಸಾಲದೆ ಹೋಗಿದ್ದರಿಂದ ಗುಜರಿಯವನು ತಳ್ಳುವ ಗಾಡಿಯನ್ನು ಎರವಲು ಕೊಟ್ಟ. ಅಷ್ಟೇ ಅಲ್ಲ, ಕೆಟ್ಟ ಟೇಬಲ್ ಫ್ಯಾನೊಂದನ್ನು ತಾನಾಗಿ ಗಾಡಿಗೆ ಏರಿಸಿ, "ಬಿಡುವಾದಾಗ ನೋಡಿ ತಾಯಿ," ಎಂದು ಮಗಳಿಗೆ ಬಹುವಚನದಲ್ಲಿ ಹೇಳಿದ. ಗೋಡೆ ಗಡಿಯಾರಕ್ಕೆ ಚಾವಿ ಕೊಟ್ಟ ಕೂಡಲೇ ಅದು ಢಣ್ಣೆಂದು ಹೊಡೆಯತೊಡಗಿತು. ಮೇಲಧಿಕಾರಿ ಫೋನು ಹಚ್ಚಿ ಅದರ ಹತ್ತಿರ ಹಿಡಿದು, "ಅಮ್ಮಾ, ಕೇಳಿಸ್ತಾ? ಈಗ ಮಾತ್ರೆ ತಗೋ!" ಎಂದು ಕೂಗಿದರು. ಆ ಕಡೆಯಿಂದ ಬಂದ ಉತ್ತರ ಅವರ ಮುಖ ಅರಳಿಸಿತು.

ಮಾದರಿ ಮನೆಯ ಫಲಕ ಆಮೇಲೆ ಬೇರೆ ಬೀದಿಯವರ ಗೇಟಿಗೆ ಹೋಯಿತು. ಆ ಹೊತ್ತಿಗೆ ಅದರ ನೆನಪು ಯಾರಿಗೂ ಇರಲಿಲ್ಲ.

ಮೆರವಣಿಗೆ ಹೊರಟಿತು. ಎಲ್ಲರಿಗಿಂತ ಮುಂದೆ ಟೂಲ್ ಬಾಕ್ಸ್ ಹಿಡಿದ ಮಗಳು. ಅವಳ ಹಿಂದೆ ಗಾಡಿ. ಗಾಡಿಯ ಮೇಲೆ ಸೆಲ್ಲು ಹಾಕಿದ ರೇಡಿಯೋ ಗಂಟಲು ಹರಿಯುವಂತೆ ಸುದ್ದಿ ಓದುತ್ತಿತ್ತು. ಅದಕ್ಕೆ ಕಿವಿಗೊಟ್ಟು ಪಕ್ಕದಲ್ಲೇ ನಡೆಯುತ್ತಿದ್ದ ಹೆಡ್‌ಮಾಸ್ಟರು, "ಇದೆ, ಇದೆ, ಪ್ರಪಂಚ ಇದೆ," ಎಂದು ತಲೆಯಾಡಿಸುತ್ತಿದ್ದರು. ಟೈಲರ್ ಅಕ್ಕ ಇಸ್ತ್ರಿ ಪೆಟ್ಟಿಗೆಯನ್ನು ಮಗುವಿನಂತೆ ಎತ್ತಿಕೊಂಡಿದ್ದಳು. ಗಾಡಿ ತಳ್ಳುತ್ತಿದ್ದವರು ಸುತ್ತೋಲೆ ಸಾಹೇಬರು, ಮೊಣಕಾಲಿಗೆ ಗ್ರೀಸು, ಹಣೆಗೆ ಬೆವರು, ಮುಖದ ತುಂಬ ಹಲ್ಲು.

ಏರಿನ ಹತ್ತಿರ ಮಹಡಿಯ ಮೇಲಿಂದ ಯಾರೋ ಬಗ್ಗಿ ಕೇಳಿದರು. "ಏನ್ರೀ ಸಾಹೇಬ್ರೆ, ನಮ್ಮನೆ ರೇಡಿಯೋನೂ ಮಾತು ನಿಲ್ಲಿಸಿದೆ. ನಿಮ್ಮ ಹತ್ರ ಕೊಡಬಹುದಾ?"

ಸಾಹೇಬರು ಗಾಡಿ ನಿಲ್ಲಿಸಲಿಲ್ಲ. ಏದುಸಿರಿನ ನಡುವೆಯೇ ಹೇಳಿದರು.

"ನಾನು ಬರೀ ಗಾಡಿ ತಳ್ಳೋನು ಸ್ವಾಮಿ. ಯಜಮಾನರು ಮುಂದೆ ಹೋಗ್ತಾ ಇದ್ದಾರೆ. ಬೇಗ ಕೂಗಿ, ಅವರ ಹೆಜ್ಜೆ ಜೋರು."